ನಾಲ್ಕೂ ಮುಕ್ಕಾಲರ ನೀರು

ವೀರನಗೆರೆಯ ನಮ್ಮ ಓಣಿಗೆ
ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ
ನೀರು ಬಿಡುತ್ತಾರೆ.
ಮೊದಲು ನಲ್ಲಿ ಕೆಮ್ಮುತ್ತದೆ, ಆಮೇಲೆ ಗಾಳಿ ಉಗುಳುತ್ತದೆ,
ಆಮೇಲೆ ಬೆಳಗೊಳದಿಂದ ಹೊರಟ ಕಾವೇರಿ
ತುಕ್ಕಿನ ಬಣ್ಣದಲ್ಲಿ ಒಂದು ಚೊಂಬು,
ನಂತರ ತಿಳಿ.

ಇದೇ ಹೊತ್ತಿಗೆ ಅಲ್ಲಿ ಎಂಟೂ ಕಾಲು.
ಲೆಕ್ಕ ಹಾಕಿದವಳು ನಾನಲ್ಲ, ಫುಸಾಯೊ.
ಮೈಸೂರಿನ ವೇಳೆಯನ್ನೇ ತೋರಿಸುತ್ತಿದ್ದ ನನ್ನ ಗಡಿಯಾರ ನೋಡಿ
ಬೆರಳು ಮಡಿಚಿ ಎಣಿಸಿ ಅಂದಿದ್ದಳು:
ಆಗ ನಿಮ್ಮೂರಲ್ಲಿ ಇನ್ನೂ ಕತ್ತಲೆ.

ಮಾನಂದವಾಡಿ ರಸ್ತೆಯ ಸಂಸ್ಥೆಯಿಂದ ಕಳಿಸಿದ್ದರು ನನ್ನನ್ನು,
ಎರಡು ತಿಂಗಳು, ಬಿಳಿಗೂಡಿನ ನೂಲು ತೆಗೆವ ವಿದ್ಯೆಗೆ.
ಒಂದು ಭಾನುವಾರ ಜೊತೆಯವರು ಕ್ಯಾಮೆರಾ ಕೊಳ್ಳಲು ಹೋದರು.
ನಾನು ಹಿರೋಶಿಮಾದ ರೈಲು ಹತ್ತಿದೆ,
ಪುಳಿಯೋಗರೆ ಗೊಜ್ಜಿನ ಬಾಟಲಿ ಚೀಲದಲ್ಲಿ.

ಊರೆಂದರೆ ಊರೇ. ಟ್ರಾಮು, ಛತ್ರಿ ಮರೆತ ಮುದುಕ,
ಹೊಳೆಯ ದಂಡೆಯುದ್ದಕ್ಕೂ, ಅಯ್ಯೋ, ಕಣಗಿಲೆ!
ನಮ್ಮ ಹಿತ್ತಲಿನ ಅದೇ ಕೆಂಪು.
ಸುಟ್ಟ ನೆಲದಲ್ಲಿ ಮೊದಲು ಹೂ ಬಿಟ್ಟದ್ದು ಇದೇ ಅಂತೆ.

ಗಾಜಿನ ಪೆಟ್ಟಿಗೆಗಳ ಮುಂದೆ ಅಳುತ್ತಿದ್ದರು ಜನ.
ನಾನು ಅಳಲಿಲ್ಲ. ಹಾಳು ಕಣ್ಣು ನೂಲಿಗೇ ಹೋಯಿತು:
ಹಾಸು ಉಳಿದಿದೆ, ಹೊಕ್ಕು ಹೋಗಿದೆ.
ಬಟ್ಟೆಯಲ್ಲಿ ಕಪ್ಪು ಹೂವಿದ್ದಷ್ಟೇ ಜಾಗ ಮೈ ಸುಟ್ಟಿತೆಂದು
ಪಕ್ಕದಲ್ಲಿ ಬರೆದಿದ್ದರು.
ಕಪ್ಪು ಶಾಖ ಹೀರುತ್ತದೆ, ಬಿಳಿ ತಿರುಗಿ ಎಸೆಯುತ್ತದೆ,
ಹುಳುಮನೆಯ ಮಾಡಿಗೆ ಸುಣ್ಣ ಬಳಿಸಿ ಎಂದು
ಮಳವಳ್ಳಿಯಲ್ಲಿ, ತಿ. ನರಸೀಪುರದಲ್ಲಿ, ಕರಿಹಲಗೆಯಿಲ್ಲದ ಕಡೆ
ಗೋಡೆಗೆ ಇದ್ದಲಿನಲ್ಲಿ ಬರೆದು ಹೇಳಿಕೊಟ್ಟ ಪಾಠ.
ಅದೇ ವಾಕ್ಯ ಅಲ್ಲಿ
ಒಬ್ಬಳ ಬೆನ್ನ ಮೇಲಿತ್ತು.

ಫುಸಾಯೊ ಆಗ ಒಂಬತ್ತರ ಹುಡುಗಿ.
ನೀರು ನೀರು ಅನ್ನುತ್ತಿದ್ದವರಿಗೆ ಕೊಡಬೇಡ, ಕುಡಿದರೆ ಸಾಯುತ್ತಾರೆ
ಎಂದರಂತೆ ದೊಡ್ಡವರು. ಕೊಡಲಿಲ್ಲ.
ಕೊಡದೆಯೂ ಸತ್ತರು.
ಇಷ್ಟು ಹೇಳಿ ಬಾಟಲಿಯೊಂದನ್ನು ಕಲ್ಲಿನ ಮುಂದಿಟ್ಟು
ಮುಚ್ಚಳ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡಳು,
ಬಿಚ್ಚುವುದು ಅವರ ಕೈಲಾಗದು ಎಂಬಂತೆ.

ನಮ್ಮ ಕಡೆ ಹೋಗುವ ಜೀವಕ್ಕೆ ಬಾಯಿಗೆ ನೀರು ಬಿಡುತ್ತೇವೆ,
ಹಗೆಯಾದರೂ ಸರಿ,
ಎಂದು ನನ್ನ ಹರುಕು ಜಪಾನಿಯಲ್ಲಿ ಮಾತು ಜೋಡಿಸಿಕೊಂಡೆ.
ಆಡಲಿಲ್ಲ.
ಅವಳಿಗದು ಸಮಾಧಾನವೋ ಏಟೋ, ಯಾರಿಗೆ ಗೊತ್ತು.

ಹಿಂದಿರುಗಿದ ಮೇಲೆ ಒಂದು ವಾರ
ಕುದಿಯುವ ತೊಟ್ಟಿಗೆ ಗೂಡು ಸುರಿಯುವಾಗ ಕೈ ತಡೆಯಿತು.
ಎಂಟನೆಯ ದಿನ ತಡೆಯಲಿಲ್ಲ.
ಸಂಬಳದ ಕೆಲಸ.

ಈಗ ನಿವೃತ್ತಿ. ಪ್ರತಿ ಆಗಸ್ಟ್ ಆರಕ್ಕೆ
ಗೇಟಿನಾಚೆ, ಸಜ್ಜದ ಕೆಳಗೆ, ಒಂದು ಮಡಕೆ, ಒಂದು ಲೋಟ.
ಸೋನೆ ಹಿಡಿದಿರುತ್ತದೆ, ಯಾರಿಗೂ ದಾಹವಿಲ್ಲ.
‘ಮಳೆಗಾಲದಲ್ಲಿ ಅರವಟ್ಟಿಗೆಯೇನ್ರೀ,
ರಾಮನವಮಿ ಯಾವಾಗ್ಲೋ ಆಯ್ತಲ್ಲ!’
ಚೆಲುವಾಜಮ್ಮ ನಗುತ್ತಾರೆ.
ಎದುರುಮನೆಯ ಗೌಸಿಯಾ ನಗಲಿಲ್ಲ.
‘ಬಾಯಾರಿ ಸತ್ತವರಿಗಾ?’ ಎಂದಳು.
ಮೊಹರಂ ಬಂದರೆ ಅವಳೂ ಇಡುತ್ತಾಳೆ, ಬೆಲ್ಲದ ಪಾನಕ.
ಅಷ್ಟೇ ಮಾತು. ಅವಳ ಹಾಲು ಉಕ್ಕುತ್ತಿತ್ತು, ಒಳಗೋಡಿದಳು.

ಈ ಸಲ ಆರನೇ ತಾರೀಖು
ನೀರು ಬಿಡದ ದಿನ. ಐದಕ್ಕೇ ಹಿಡಿದಿಟ್ಟಿದ್ದೆ.
ಆದರೂ ಎಚ್ಚರವಾಯಿತು ನಾಲ್ಕೂ ಮುಕ್ಕಾಲಿಗೆ.
ನಲ್ಲಿ ಕೆಮ್ಮಲಿಲ್ಲ. ಬೀದಿದೀಪ ಮಾತ್ರ ಗುಂಯ್ಗುಡುತ್ತಿತ್ತು.
ಹೊರಗೆ ಹೋಗಿ ನೋಡಿದರೆ
ಲೋಟದ ನೀರು ಅರ್ಧಕ್ಕಿಳಿದಿದೆ.

ಬೆಕ್ಕಿರಬೇಕು.
ತುಂಬಿಸಿದೆ. ಮುಚ್ಚಲಿಲ್ಲ.